ಕೊನೆಯ ರೈಲು ಎಷ್ಟೊತ್ತಿಗೆ ಅಂತ ಮೊದಲು ಕೇಳಿ

2009ರಲ್ಲಿ ನಾವು ಬೆಂಗಳೂರಿನ ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಗೆ ಬಂದೆವು. ಅಲ್ಲಿಂದ ಮದ್ದೂರು ರೈಲು ನಿಲ್ದಾಣ 4 ಕಿಲೋಮೀಟರ್. ನನ್ನ ಕೆಲಸ ಮೆಜೆಸ್ಟಿಕ್ ಹತ್ತಿರದ ಒಂದು ಕಚೇರಿಯಲ್ಲಿ. ಸೀಸನ್ ಪಾಸ್ ಹಿಡಿದು 13 ವರ್ಷ ಓಡಾಡಿ 2022ರಲ್ಲಿ ನಿವೃತ್ತಳಾದೆ. ಕೆಲಸ ನಗರದಲ್ಲೇ ಇರಲಿ, ಮನೆ ಮಾತ್ರ ಹಳ್ಳಿಯಲ್ಲಿರಲಿ ಅನ್ನುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ ಎಂದು ಸಂಪಾದಕರು ಒಂದು ಕಟ್ಟನ್ನೇ ನನ್ನ ಕೈಗೆ ಕೊಟ್ಟರು. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ನನ್ನ ಕಚೇರಿ ಮೆಜೆಸ್ಟಿಕ್‌ನಲ್ಲಿ. ಅವರದು ವೈಟ್‌ಫೀಲ್ಡ್‌ನಲ್ಲಿ, ವಾರಕ್ಕೆ ಮೂರು ದಿನ ಹೋಗಲೇಬೇಕು. ಆರು ವರ್ಷದ ಮಗಳಿದ್ದಾಳೆ. ಚನ್ನಪಟ್ಟಣದ ಹತ್ತಿರ ಒಂದು ತೋಟದ ಮನೆ ನೋಡಿ ಮೆಚ್ಚಿದ್ದೇವೆ. ಎಕ್ಸ್‌ಪ್ರೆಸ್‌ವೇ ಇರುವುದರಿಂದ ಒಂದು ಗಂಟೆ ಸಾಕು ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?
— ಓದುಗರೊಬ್ಬರು, ನಾಗರಭಾವಿ

ಉತ್ತರ: ಆ ಒಂದು ಗಂಟೆ ಎಲ್ಲಿಂದ ಎಲ್ಲಿಗೆ ಅಂತ ಕೇಳಿದಿರಾ? ಚನ್ನಪಟ್ಟಣದಿಂದ ಕೆಂಗೇರಿವರೆಗೆ ಅಂದರೆ ನಾನೂ ಒಪ್ಪುತ್ತೇನೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಅಷ್ಟು ದೂರ ನಿಜಕ್ಕೂ ಬೇಗ ಸಾಗುತ್ತೆ. ಆದರೆ ನಿಮ್ಮ ಮನೆ ಹೆದ್ದಾರಿ ಪಕ್ಕದಲ್ಲಿಲ್ಲ, ಕಚೇರಿ ಕೆಂಗೇರಿಯಲ್ಲಿಲ್ಲ. ತೋಟದಿಂದ ಹೆದ್ದಾರಿಗೆ ಬರುವ ದಾರಿ ಒಂದು, ಕೆಂಗೇರಿಯಿಂದ ಊರೊಳಗೆ ನುಗ್ಗುವ ದಾರಿ ಇನ್ನೊಂದು. ದಿನದ ಜೀವ ಹೋಗುವುದು ಈ ಎರಡರಲ್ಲೇ.

ನನ್ನ ಲೆಕ್ಕ ಹೇಳುತ್ತೇನೆ. ಮದ್ದೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 75 ಕಿಲೋಮೀಟರ್. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಸರಿಯಾಗಿ ಓಡಿದರೆ ಒಂದೂವರೆ ಗಂಟೆ. ಬಂದ ಹೊಸದರಲ್ಲಿ ನಾನೂ ಎಲ್ಲರ ಹತ್ತಿರ ಒಂದೂವರೆ ಗಂಟೆ ಅಂತಲೇ ಹೇಳುತ್ತಿದ್ದೆ. ಆಮೇಲೆ ಒಂದು ವಾರ ಕ್ಯಾಲೆಂಡರ್ ಹಿಂದೆ ಬರೆದಿಟ್ಟು ನೋಡಿದೆ. ಮನೆ ಹೊಸ್ತಿಲು ದಾಟಿದ್ದು 7 ಗಂಟೆ 10 ನಿಮಿಷಕ್ಕೆ, ಕಚೇರಿ ಕುರ್ಚಿಯಲ್ಲಿ ಕೂತಿದ್ದು 9 ಗಂಟೆ 55ಕ್ಕೆ. ಮೊಪೆಡ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ, ಪ್ಲಾಟ್‌ಫಾರ್ಮ್ ಮೇಲೆ ಕಾಯುವುದು ಹದಿನೈದು ನಿಮಿಷ, ಇಳಿದು ನಡೆಯುವುದು ಇಪ್ಪತ್ತು. ಇವೆಲ್ಲ ಯಾವ ವೇಳಾಪಟ್ಟಿಯಲ್ಲೂ ಇರಲ್ಲ. ಆಗಿನ್ನೂ ಜೋಡಿ ಹಳಿ ಪೂರ್ತಿ ಆಗಿರಲಿಲ್ಲ. ಎದುರಿನ ಗಾಡಿಗೆ ದಾರಿ ಬಿಡಲು ನಿಲ್ಲಿಸಿದರೆ ಇನ್ನೂ ಅರ್ಧ ಗಂಟೆ. ಹೊಸ್ತಿಲಿನಿಂದ ಕುರ್ಚಿಗೆ ಎಷ್ಟು ಹೊತ್ತು ಅನ್ನುವುದೇ ಸರಿಯಾದ ಅಳತೆ. ಕಿಲೋಮೀಟರ್ ಲೆಕ್ಕ ಬಿಟ್ಟುಬಿಡಿ.

ಈಗ ನಿಮ್ಮ ಯಜಮಾನರದ್ದು ನೋಡಿ. ನೇರಳೆ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್ ದಾಟುತ್ತೆ. ಕೆಂಗೇರಿ ಕಡೆ ಹತ್ತಿ ಆ ತುದಿಯಲ್ಲಿ ಇಳಿಯಲು ಒಂದೂವರೆ ಗಂಟೆ ಹತ್ತಿರ ಬೇಕು. ಅದಕ್ಕೆ ಚನ್ನಪಟ್ಟಣದ ತೋಟದಿಂದ ಕೆಂಗೇರಿಗೆ ಬರುವ ಹೊತ್ತು ಸೇರಿಸಿ. ಹೋಗುವುದಕ್ಕೇ ಮೂರು ಗಂಟೆ. ವಾರಕ್ಕೆ ಮೂರೇ ದಿನ ಅಂದರೂ ಆ ಮೂರು ದಿನ ಮಗಳು ಅಪ್ಪನ ಮುಖ ನೋಡುವುದು ನಿದ್ದೆಗಣ್ಣಿನಲ್ಲಿ.

ಅದಕ್ಕೇ ಹೇಳುವುದು, ನಿಮಗೆ ಮೈಸೂರು ರಸ್ತೆ ಬೇಡ. ಇಬ್ಬರ ಕೆಲಸವೂ ಒಂದೇ ಹಳಿಯ ಮೇಲೆ ಬರುವ ಕಡೆ ಹುಡುಕಿ. ವೈಟ್‌ಫೀಲ್ಡ್ ರೈಲು ನಿಲ್ದಾಣ ಬಂಗಾರಪೇಟೆ ಮಾರ್ಗದಲ್ಲಿದೆ. ಅದೇ ಸಾಲಿನಲ್ಲಿ ಮುಂದೆ ದೇವನಗೊಂದಿ, ಮಾಲೂರು, ಟೇಕಲ್ ಬರುತ್ತವೆ. ಅವರು ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತಾರೆ, ನೀವು ಅದೇ ಗಾಡಿಯಲ್ಲಿ ಮೆಜೆಸ್ಟಿಕ್‌ಗೆ ಬರುತ್ತೀರಿ. ತಿಂಗಳ ಸೀಸನ್ ಪಾಸ್ ರಸ್ತೆ ಖರ್ಚಿನ ಮುಂದೆ ಏನೂ ಅಲ್ಲ. 150 ಕಿಲೋಮೀಟರ್‌ವರೆಗೆ ಕೊಡುತ್ತಾರೆ, ರಿಸರ್ವೇಶನ್ ಇಲ್ಲದ ಬೋಗಿಗೆ.

ಮಾಲೂರು ಕಡೆಯ ತೊಂದರೆಯನ್ನೂ ಹೇಳಬೇಕು. ಅದು ಇಟ್ಟಿಗೆ, ಹೆಂಚಿಗೆ ಹೆಸರಾದ ಸೀಮೆ. ಗೂಡಿನ ಹೊಗೆ ಯಾವ ಕಡೆ ಬೀಸುತ್ತೆ ಅಂತ ಒಂದು ಸಂಜೆ ಹೋಗಿ ನೋಡಿ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ಯಾರಿಗೂ ಆಶ್ಚರ್ಯದ ವಿಷಯ ಅಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಆ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿರುವುದನ್ನು ನೋಡಿ ಕುಡಿಯುವ ನೀರಿಗೂ ಬರ ಇಲ್ಲ ಅಂದುಕೊಳ್ಳಬೇಡಿ. ಕುಡಿಯುವ ನೀರು ಎಲ್ಲಿಂದ ತರುತ್ತಾರೆ ಅಂತ ಪಕ್ಕದ ಮನೆಯವರನ್ನೇ ಕೇಳಿ.

ಯಾವ ದಿಕ್ಕಿನ ಹಳ್ಳಿಯೇ ಆಗಲಿ, ಬೆಳಿಗ್ಗೆಯ ರೈಲಿಗಿಂತ ಮೊದಲು ರಾತ್ರಿಯ ಕೊನೆಯ ರೈಲು ಯಾವುದು ಅಂತ ಕೇಳಿ. ಬೆಳಿಗ್ಗೆ ಎಲ್ಲರೂ ಹೋಗುತ್ತಾರೆ, ಏನಾದರೂ ಸಿಗುತ್ತೆ. 2011ರ ಮಾರ್ಚ್ ಕೊನೆಯಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸಿ ನಾನು ಮದ್ದೂರಿನಲ್ಲಿ ಇಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ಆಟೊ ಇಲ್ಲ. ಮೊಪೆಡ್ ಸ್ಟ್ಯಾಂಡಿಗೆ ಬೀಗ. ನಮ್ಮವರು ಜ್ವರದಲ್ಲಿ ಮಲಗಿದ್ದರು. ನಿಲ್ದಾಣದ ಟೀ ಅಂಗಡಿಯ ಅಜ್ಜ ಅಂಗಡಿ ಮುಚ್ಚಿ ಬೆಂಚಿನ ಮೇಲೆ ಕೂತು, ತನ್ನ ಮಗ ಬೈಕ್ ತರುವ ತನಕ ನನ್ನ ಜೊತೆಗೇ ಇದ್ದ. ಮಾರನೇ ದಿನವೇ ಒಬ್ಬ ಆಟೊದವರ ಹತ್ತಿರ ಮಾತಾಡಿಕೊಂಡೆ. ತಿಂಗಳಿಗಿಷ್ಟು ಅಂತ, ಕರೆದರೂ ಕರೆಯದಿದ್ದರೂ. ನಿವೃತ್ತಿ ಆಗುವವರೆಗೆ ಆ ದುಡ್ಡು ಒಂದು ತಿಂಗಳೂ ತಪ್ಪಿಸಲಿಲ್ಲ.

ಇನ್ನೊಂದು ಗುರುತು ಇದೆ. ಊರಿಗೆ ನೈಟ್ ಹಾಲ್ಟ್ ಬಸ್ ಬರುತ್ತಾ ಕೇಳಿ. ರಾತ್ರಿ ಎಂಟೂವರೆಗೋ ಒಂಬತ್ತಕ್ಕೋ ಬಂದು ಅರಳಿಕಟ್ಟೆ ಹತ್ತಿರ ನಿಲ್ಲುವ ಬಸ್ಸು. ಡ್ರೈವರ್, ಕಂಡಕ್ಟರ್ ಊರಲ್ಲೇ ಮಲಗಿ ಬೆಳಿಗ್ಗೆ ಆರಕ್ಕೆ ಹೊರಡುತ್ತಾರೆ. ಇಂಥ ಬಸ್ಸಿರುವ ಊರಿನಲ್ಲಿ ಹೋಗಿಬರುವ ಜನ ಮೊದಲೇ ಇದ್ದಾರೆ ಅಂತ ಅರ್ಥ. ಗಾರ್ಮೆಂಟ್ಸ್ ಹುಡುಗಿಯರು, ಗಾರೆ ಕೆಲಸದವರು, ಕಾಲೇಜು ಮಕ್ಕಳು. ನೀವು ಒಬ್ಬರೇ ಕತ್ತಲಲ್ಲಿ ಇಳಿಯುವುದು ತಪ್ಪುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಬೆಳಗಿನ ಬಸ್ಸಿನಲ್ಲಿ ಕೂರಲು ಜಾಗ ಸಿಗದೆ ಹೋಗಬಹುದು, ಆದರೆ ಜೊತೆ ಸಿಗುತ್ತೆ.

ಕೊನೆಯದಾಗಿ ಮಗಳ ವಿಷಯ. ಶಾಲೆ ವ್ಯಾನು ಸಂಜೆ ನಾಲ್ಕಕ್ಕೆ ಬಂದು ನಿಂತಾಗ ಬಾಗಿಲು ತೆಗೆಯುವವರು ಯಾರು? ನಮ್ಮ ಮನೆಯಲ್ಲಿ ನಮ್ಮ ಅತ್ತೆ ಇದ್ದರು. ಅವರಿಲ್ಲದಿದ್ದರೆ ನಾನು 13 ವರ್ಷ ಅಲ್ಲ, 13 ತಿಂಗಳೂ ಓಡಾಡಲು ಆಗುತ್ತಿರಲಿಲ್ಲ. ಇದಕ್ಕೆ ಉತ್ತರ ಸಿಗುವ ತನಕ ಯಾವ ತೋಟದ ಮನೆಗೂ ಅಡ್ವಾನ್ಸ್ ಕೊಡಬೇಡಿ.

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇದೆ. ಬಿಡದಿ ಹತ್ತಿರ 5 ಗುಂಟೆ ಫಾರ್ಮ್ ಪ್ಲಾಟ್ ಬಂದಿದೆ. ಸುತ್ತ ತೆಂಗು, ಮಾವು ಹಾಕಿಕೊಡುತ್ತಾರಂತೆ. ಈಗಲೇ ಮನೆ ಕಟ್ಟಿ ಅಲ್ಲಿಂದಲೇ ಶಾಲೆಗೆ ಓಡಾಡುವ ಆಸೆ. ಪಂಚಾಯಿತಿ ಖಾತಾ ಇದೆ, ಯೋಚನೆ ಬೇಡ ಎನ್ನುತ್ತಾರೆ.
— ವಿಜಯನಗರ, ಬೆಂಗಳೂರು

ಉತ್ತರ: ಮೇಷ್ಟ್ರೇ, ದುಡ್ಡು ಇನ್ನೂ ಕೊಟ್ಟಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ಬಿಡದಿ ಹತ್ತಿರ ಅಂದರೆ ಯಾವ ಹಳ್ಳಿ? ಅದು ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಮುತ್ತ ಆಗಿದ್ದರೆ ಎರಡು ವಿಷಯ ಗೊತ್ತಿರಲಿ. ಅಲ್ಲಿ ಟೌನ್‌ಶಿಪ್‌ಗೆ ಸಾವಿರಾರು ಎಕರೆ ಭೂಸ್ವಾಧೀನದ ಪ್ರಸ್ತಾಪ ಇದೆ, ರೈತರು ಅದರ ವಿರುದ್ಧ ಹೋರಾಟ ಮಾಡುತ್ತಿದ್ದಾರೆ. ತಲೆಮಾರುಗಳಿಂದ ಉಳುತ್ತಿರುವವರೇ ತಮ್ಮ ಜಮೀನು ಉಳಿಯುತ್ತಾ ಇಲ್ಲವಾ ಅಂತ ನಿದ್ದೆಗೆಟ್ಟಿರುವ ಕಡೆ ನೀವು ಹೋಗಿ 5 ಗುಂಟೆ ಕೊಳ್ಳುವುದು ಬೇಡ. ಎರಡನೆಯದು ವೃಷಭಾವತಿ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆ ನೀರನ್ನೂ ಹೊತ್ತು ಕೆಂಗೇರಿ ದಾಟಿ ಬರುವ ಆ ಹೊಳೆ ಬೈರಮಂಗಲ ಕೆರೆಗೆ ಸೇರುತ್ತೆ. ಆ ಕೆರೆ ನೊರೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಪ್ಲಾಟ್ ತೋರಿಸುವವರು ಮಧ್ಯಾಹ್ನ ಕರೆದುಕೊಂಡು ಹೋಗುತ್ತಾರೆ. ನೀವು ಬೆಳಿಗ್ಗೆ ಆರಕ್ಕೆ ಒಬ್ಬರೇ ಹೋಗಿ, ಗಾಳಿ ಹೇಗಿದೆ ನೋಡಿ.

ಇನ್ನು ಕಾಗದ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದು ನಿಜ. ಆದರೆ ಕೊಳ್ಳಬಹುದು ಅಂದರೆ ಬಡಾವಣೆ ಮಾಡಿ ಮನೆ ಕಟ್ಟಬಹುದು ಅಂತ ಅಲ್ಲ. ಕೃಷಿ ಜಮೀನು ಸೈಟ್ ಆಗಬೇಕಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂನಡಿ ಪರಿವರ್ತನೆ ಆಗಬೇಕು. ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಪಂಚಾಯಿತಿ ಖಾತಾ ಅಂದರಲ್ಲ, ಪಂಚಾಯಿತಿ ಸ್ವತ್ತುಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ಅದು ಕ್ರಮಬದ್ಧ ಸ್ವತ್ತಿಗೆ ಕೊಡುವ ನಮೂನೆ 9 ಮತ್ತು 11ಎ ಇದೆಯಾ, ಬರೀ 11ಬಿ ಇದೆಯಾ? 11ಬಿ ಅಂದರೆ ಪಂಚಾಯಿತಿಯ ತೆರಿಗೆ ಪುಸ್ತಕದಲ್ಲಿ ಆ ಸ್ವತ್ತು ಸೇರಿದೆ ಅಂತ ಅಷ್ಟೇ. ಬಡಾವಣೆ ಕ್ರಮಬದ್ಧ ಅಂತ ಅಲ್ಲ. ಫಾರ್ಮ್ ಪ್ಲಾಟ್ ಅನ್ನುವ ಹೆಸರಿನಲ್ಲಿ ಪರಿವರ್ತನೆಯೇ ಆಗದ ಜಮೀನು ಮಾರುತ್ತಿದ್ದರೆ, ನಿಮ್ಮ 5 ಗುಂಟೆಗೆ 11ಇ ನಕ್ಷೆ (ಆ ತುಂಡನ್ನು ಅಳೆದು ಮಾಡುವ ಸರ್ವೆ ನಕ್ಷೆ) ಆಗಿದೆಯಾ, ನಿಮ್ಮ ಹೆಸರಿಗೆ ಬೇರೆ ಪಹಣಿ ಬರುತ್ತಾ ಅಂತ ಬರವಣಿಗೆಯಲ್ಲಿ ಕೇಳಿ. ಆ ಮಾತಿಗೆ ಬಾಯಿ ಮುಚ್ಚಿಕೊಂಡರೆ ನೀವು ಬಸ್ ಹತ್ತಿ ವಾಪಸ್ ಬನ್ನಿ.

ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಮೀನಿನ ಮೇಲೆ ನಿಂತು ನೋಡಿ. ಸರ್ವೆ ನಂಬರ್ ಬರುತ್ತೆ. ಕೆರೆ, ಹಳ್ಳ, ಕಾಲುವೆ, ಖರಾಬು ಎಲ್ಲಿದೆ ಅನ್ನುವ ಅಂದಾಜು ಅಲ್ಲೇ ಸಿಗುತ್ತೆ. ಕನಿಷ್ಠ 30 ವರ್ಷದ ಋಣಭಾರ ಪತ್ರ ತೆಗೆಸಿ, ನಾವು ಇ.ಸಿ. ಅನ್ನುವುದು. ಜಮೀನು ಮೂಲದಲ್ಲಿ ಯಾರಿಗಾದರೂ ಸರ್ಕಾರದಿಂದ ಮಂಜೂರಾದದ್ದಾ ಅಂತ ಕಡ್ಡಾಯವಾಗಿ ನೋಡಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 1978ರ ಕಾಯ್ದೆ ಅದು. ಬಡವರ ಕೈಯ ಭೂಮಿ ಜಾರದಿರಲಿ ಅಂತ ಮಾಡಿದ ಒಳ್ಳೆಯ ಕಾನೂನು. ಅದನ್ನು ಮುಚ್ಚಿಟ್ಟು ಮಾರುವ ಮಧ್ಯವರ್ತಿ ಆ ಬಡವರಿಗೂ ಮೋಸ ಮಾಡುತ್ತಾನೆ, ನಿಮಗೂ ಮಾಡುತ್ತಾನೆ.

ವಕೀಲರನ್ನು ನೀವೇ ಹುಡುಕಿ. ಮಾರುವವರು ಕರೆತಂದ ವಕೀಲರು ಬೇಡ. ಜೊತೆಗೆ ಆ ಊರಿನ ಟೀ ಅಂಗಡಿಯಲ್ಲಿ ಅರ್ಧ ದಿನ ಕೂತುಕೊಳ್ಳಿ. ಅಣ್ಣ ಮಾರಿದ, ತಮ್ಮ ಕೋರ್ಟಿಗೆ ಹೋದ ಅನ್ನುವ ಸುದ್ದಿ ಇ.ಸಿ.ಯಲ್ಲಿ ಬರುವುದಕ್ಕೆ ಮೊದಲೇ ಅಲ್ಲಿ ಬಂದಿರುತ್ತೆ.

ಪ್ರಶ್ನೆ: ರಾಮನಗರ ದಾಟಿ ಒಂದು ಹಳ್ಳಿಯಲ್ಲಿ ಮನೆ ಬಾಡಿಗೆಗೆ ಸಿಕ್ಕಿದೆ. ಕೆಲಸ ಬೆಂಗಳೂರಿನಲ್ಲಿ. ದಿನಾ ಬೈಕಿನಲ್ಲಿ ಹೋಗಿಬರಬಹುದಾ?
— 26 ವರ್ಷದ ಓದುಗ, ಹಾಸನ

ಉತ್ತರ: ಬೇಡಪ್ಪಾ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ನೀವು ಹೋಗಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ. ಅಲ್ಲಿ ಎದುರಿನಿಂದ ಬರುವ ಗಾಡಿ, ಹುಲ್ಲಿನ ಟ್ರ್ಯಾಕ್ಟರ್, ದನ, ಮಳೆ ಬಂದರೆ ನಿಂತ ನೀರು. ದಿನಾ ಎರಡು ಸಲ ಆ ದಾರಿಯಲ್ಲಿ ಬೈಕ್ ಓಡಿಸಿದರೆ ಬೆನ್ನೂ ಉಳಿಯಲ್ಲ, ಮನೆಯವರ ನೆಮ್ಮದಿಯೂ ಉಳಿಯಲ್ಲ. ರಾಮನಗರ ನಿಲ್ದಾಣದವರೆಗೆ ಮಾತ್ರ ಬೈಕ್ ಇಟ್ಟುಕೊಳ್ಳಿ, ಅಲ್ಲಿಂದ ರೈಲು. ನಿಮ್ಮ ಕಚೇರಿ ನೇರಳೆ ಮಾರ್ಗದಲ್ಲಿದ್ದರೆ ಜ್ಞಾನಭಾರತಿಯಲ್ಲೋ ನಾಯಂಡಹಳ್ಳಿಯಲ್ಲೋ ಇಳಿದು ಮೆಟ್ರೊ ಹಿಡಿಯಬಹುದು. ಎಲ್ಲ ರೈಲೂ ಅಲ್ಲಿ ನಿಲ್ಲಲ್ಲ, ಪ್ಯಾಸೆಂಜರ್, ಮೆಮು ಯಾವುದು ನಿಲ್ಲುತ್ತೆ ಅಂತ ನೋಡಿಟ್ಟುಕೊಳ್ಳಿ.

ಪ್ರಶ್ನೆ: ಕೆಲಸ ಮೈಸೂರಿನಲ್ಲಿ. ಪಾಂಡವಪುರ, ಶ್ರೀರಂಗಪಟ್ಟಣ ಕಡೆ ನಾಲೆ ಪಕ್ಕದ ಹಳ್ಳಿಗಳನ್ನು ನೋಡುತ್ತಿದ್ದೇವೆ. ವರ್ಷವಿಡೀ ಹಸಿರು. ಅಲ್ಲಿ ನೀರಿನ ಚಿಂತೆ ಇರಲ್ಲ ಅಲ್ವಾ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಇದೇ ತಪ್ಪು ನಾನೂ ಮಾಡಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವು ಮನೆ ನೋಡಿದ್ದು ನವೆಂಬರ್‌ನಲ್ಲಿ. ಗದ್ದೆ ತುಂಬಾ ಭತ್ತ, ಕಾಲುವೆ ತುಂಬಾ ನೀರು. ಮಾರಿದವರು ನಲ್ಲಿ ತಿರುಗಿಸಿ ತೋರಿಸಿದರು, ಧೋ ಅಂತ ಬಂತು. ಏಪ್ರಿಲ್ ಬಂದಾಗ ನಾಲೆ ಒಣಗಿತು, ಜೊತೆಗೆ ನಮ್ಮ ಬೋರ್‌ವೆಲ್ ಕೂಡ ಗಾಳಿ ಉಗುಳಲು ಶುರುಮಾಡಿತು. ಪ್ರತಿ ಬೇಸಿಗೆಯೂ ಅದು ಹಾಗೇ ಆಗುತ್ತಂತೆ. ಊರಿನವರಿಗೆಲ್ಲ ಗೊತ್ತಿತ್ತು, ನಾವು ಯಾರನ್ನೂ ಕೇಳಿರಲಿಲ್ಲ. ಆ ಎರಡು ತಿಂಗಳು ನನ್ನ ದಿನ ಶುರುವಾಗುತ್ತಿದ್ದದ್ದು ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ. ಪಕ್ಕದ ಮನೆಯಾಕೆ ಗೋಡೆ ಆಚೆಯಿಂದ "ನೀರ್ ಬುಟ್ಟವ್ರೆ ಕಣಕ್ಕೋ" ಅಂತ ಕೂಗುತ್ತಿದ್ದಳು. ಪಂಚಾಯಿತಿ ನೀರು ದಿನ ಬಿಟ್ಟು ದಿನ, ಮುಕ್ಕಾಲು ಗಂಟೆ. ಬಿಂದಿಗೆ ತುಂಬಿಟ್ಟು, ಅಡುಗೆ ಮಾಡಿಟ್ಟು ರೈಲಿಗೆ ಓಡುತ್ತಿದ್ದೆ. ಆಕೆ ಕೂಗದೇ ಇದ್ದಿದ್ದರೆ ಆ ಬೇಸಿಗೆಯಲ್ಲೇ ಬೆಂಗಳೂರಿಗೆ ವಾಪಸ್ ಹೋಗಿರುತ್ತಿದ್ದೆವು. ಅವಳ ಋಣ ದೊಡ್ಡದು.

ನಾಲೆ ನೀರು ಬೆಳೆಗೆ. ಅದನ್ನೂ ಕಟ್ಟುಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ಬಿಡುತ್ತಾರೆ, ಕೆ.ಆರ್.ಎಸ್. ತುಂಬದ ವರ್ಷ ಅದೂ ಕಮ್ಮಿ. ಕುಡಿಯುವ ನೀರಿನದು ಬೇರೆ ಲೆಕ್ಕ. ಜಲ ಜೀವನ್ ಮಿಷನ್‌ನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಅಂತ ಗುರಿ ಇದೆ. ನಲ್ಲಿ ನೆಟ್ಟಿದ್ದಾರೆ ಅಂದ ಮಾತ್ರಕ್ಕೆ ಅಷ್ಟು ಬರುತ್ತೆ ಅಂತ ಅಲ್ಲ. ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ನೀರುಗಂಟಿಯನ್ನೇ ಕೇಳಿ. ಕೊಳವೆಬಾವಿ ನೀರಾದರೆ ಒಂದು ಬಾಟಲಿ ತುಂಬಿ ಪರೀಕ್ಷೆಗೆ ಕೊಡಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದ ಕಡೆ 1.5ರವರೆಗೆ ಒಪ್ಪುತ್ತಾರೆ. ಅದನ್ನು ದಾಟಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಯಾಗುತ್ತೆ, ಮೂಳೆಗೂ ಕೇಡು. ಗೊಬ್ಬರ ಜಾಸ್ತಿ ಸುರಿಯುವ ಗದ್ದೆ ಬಯಲಲ್ಲಿ ನೈಟ್ರೇಟ್ ಕೂಡ ನೋಡಿಸಿ.

ನಾಲೆ ಪಕ್ಕ ಅಂದಿರಲ್ಲ, ಶಾಲೆ ವ್ಯಾನು ಯಾವ ದಾರಿಯಲ್ಲಿ ಹೋಗುತ್ತೆ ನೋಡಿಕೊಳ್ಳಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಹೋದರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ದಿನ ನಮ್ಮ ಊರಲ್ಲಿ ಯಾರ ಮನೆಯಲ್ಲೂ ಒಲೆ ಸರಿಯಾಗಿ ಉರಿಯಲಿಲ್ಲ. ತಡೆಗೋಡೆ ಇಲ್ಲದ ನಾಲೆ ಏರಿಯ ಮೇಲೆ ದಿನಾ ಓಡಾಡಬೇಕಾದ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಉಳಿದವು ಬೇಗ ಹೇಳುತ್ತೇನೆ. ಕಬ್ಬಿನ ಗದ್ದೆಗೆ ಅಂಟಿದ ಮನೆ ಬೇಡ. ಚಿರತೆ ಕಬ್ಬಿನೊಳಗೆ ಮರಿ ಹಾಕುವುದು ನಮ್ಮ ಜಿಲ್ಲೆಯಲ್ಲಿ ಹೊಸ ಸುದ್ದಿ ಅಲ್ಲ, ಕೊಳಕುಮಂಡಲ ಹಾವೂ ಇರುತ್ತೆ. ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇಟ್ಟಿದ್ದಾರೆ ಅಂತ ಹೋಗುವ ಮೊದಲೇ ತಿಳಿದಿರಲಿ. ಆಲೆಮನೆ ಗಾಳಿಯ ದಿಕ್ಕಿಗಿದ್ದರೆ ಉಬ್ಬಸ ಇರುವವರಿಗೆ ಕಷ್ಟ. ಬಯಲಲ್ಲಿ ತಳಪಾಯ ತಂಪು ಹಿಡಿಯುತ್ತೆ, ಗೋಡೆಯ ಕೆಳಗಿನ ಎರಡು ಅಡಿ ಮುಟ್ಟಿ ನೋಡಿ.

ಪ್ರಶ್ನೆ: ನಾವು ಪರಿಶಿಷ್ಟ ಜಾತಿಯವರು. ನನಗೆ ಪೀಣ್ಯದಲ್ಲಿ ಕೆಲಸ. ಮಗನಿಗೆ ಬೆಂಗಳೂರಿನ ಧೂಳು ಆಗಿಬರಲ್ಲ, ಹಳ್ಳಿಯಲ್ಲಿರಿ ಅಂತ ಡಾಕ್ಟರ್ ಹೇಳಿದ್ದಾರೆ. ತುಮಕೂರು ರಸ್ತೆ ಕಡೆ ಎರಡು ಹಳ್ಳಿಯಲ್ಲಿ ಮನೆ ಕೇಳಿದೆವು. ಖಾಲಿ ಇತ್ತು. ಯಾವ ಜನ ಅಂತ ಕೇಳಿದ ಮೇಲೆ, ಮಗಳು ಅಳಿಯ ಬರುತ್ತಾರೆ ಅಂದರು. ಸುಳ್ಳು ಹೇಳಿ ಮನೆ ಹಿಡಿಯಿರಿ ಅಂತ ಸ್ನೇಹಿತರು ಹೇಳುತ್ತಾರೆ.
— ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ದಿನ ಜೊತೆಗೇ ಇಟ್ಟುಕೊಂಡಿದ್ದೆ.

ಹಳ್ಳಿ ಆರಿಸುವ ಬಗ್ಗೆ ಬರೆಯುವವರು ಗಾಳಿ, ಬೆಳಕು, ನೀರು ಅಂತ ಬರೆಯುತ್ತಾರೆ. ನಾನೂ ಅದನ್ನೇ ಬರೆದಿದ್ದೇನೆ. ಯಾವ ಹಳ್ಳಿ ಬೇಕು ಅಂತ ನಾವು ಆರಿಸುತ್ತಿದ್ದೇವೆ ಅಂದುಕೊಳ್ಳುತ್ತೇವೆ, ಕೆಲವರನ್ನು ಮಾತ್ರ ಹಳ್ಳಿಯೇ ಆರಿಸುತ್ತೆ. ನಮಗೆ ಮನೆ ಸುಲಭವಾಗಿ ಸಿಕ್ಕಿತು. ಯಾಕೆ ಸಿಕ್ಕಿತು ಅಂತ ಆಗ ನಾನು ಯೋಚಿಸಲಿಲ್ಲ. 2014ರಲ್ಲಿ ನಮ್ಮ ಊರಿಗೆ ಹೊಸದಾಗಿ ಬಂದ ಒಬ್ಬ ಮೇಷ್ಟ್ರಿಗೆ ನಮ್ಮ ಬೀದಿಯಲ್ಲೇ ಖಾಲಿ ಇದ್ದ ಮನೆ ಕೊಡಲಿಲ್ಲ. ನೆಪ ನಿಮಗೆ ಹೇಳಿದ್ದೇ. ಅವರು ಹೋಬಳಿ ಕೇಂದ್ರದಲ್ಲಿ ಮನೆ ಮಾಡಿಕೊಂಡು ದಿನಾ 9 ಕಿಲೋಮೀಟರ್ ಬಂದು ನಮ್ಮ ಊರಿನ ಮಕ್ಕಳಿಗೆ ಪಾಠ ಹೇಳಿದರು. ಆ ಮನೆಯ ಯಜಮಾನಿ ನನಗೆ ಚೆನ್ನಾಗಿ ಗೊತ್ತು. ನಾನು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತೆ.

ಸುಳ್ಳು ಹೇಳಬೇಡಿ. ಅದರಲ್ಲಿ ತಪ್ಪಿದೆ ಅಂತ ಅಲ್ಲ, ಕೇಳಿದವರದ್ದೇ ತಪ್ಪು. ಆದರೆ ಆ ಸುಳ್ಳನ್ನು ದಿನಾ ಹೊರಬೇಕಾದವನು ನಿಮ್ಮ ಮಗ. ನೀವು ಆರೂಕಾಲಿನ ಬಸ್ಸಿಗೆ ಹೋಗಿಬಿಡುತ್ತೀರಿ, ಅವನು ಇಡೀ ದಿನ ಆ ಬೀದಿಯಲ್ಲಿ ಆಡಬೇಕು.

ಒಕ್ಕಲು ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವ ಸಣ್ಣ ಹಳ್ಳಿ ಬಿಟ್ಟು, ಬಾಡಿಗೆಗೆ ಅಂತಲೇ ಮನೆ ಕಟ್ಟಿರುವ ಊರು ನೋಡಿ. ದಾಬಸ್‌ಪೇಟೆ ಸುತ್ತ ಸೋಂಪುರ ಕೈಗಾರಿಕಾ ಪ್ರದೇಶಕ್ಕೆ ಹೊರಗಿನಿಂದ ಬಂದವರು ತುಂಬಾ ಜನ. ಅಲ್ಲಿ ಬಾಡಿಗೆ ವ್ಯವಹಾರ ಹೆಚ್ಚು, ಕೇಳುವ ಪ್ರಶ್ನೆ ಕಡಿಮೆ. ಆದರೆ ಮಗನ ಎದೆಗೆ ಆಗಬೇಕಲ್ಲ, ಅದಕ್ಕೆ ಕಾರ್ಖಾನೆ, ಹೆದ್ದಾರಿ ಎರಡರಿಂದಲೂ ಮೂರು ನಾಲ್ಕು ಕಿಲೋಮೀಟರ್ ದೂರ ಇರುವ ಮನೆಯೇ ಬೇಕು. ಅಂಥ ಊರಿನ ಸರ್ಕಾರಿ ಶಾಲೆ ಟೀಚರ್, ಆಶಾ ಕಾರ್ಯಕರ್ತೆ, ಪೋಸ್ಟ್‌ಮ್ಯಾನ್ ಇವರನ್ನು ಮೊದಲು ಭೇಟಿ ಮಾಡಿ. ಯಾರ ಮನೆಯಲ್ಲಿ ತಕರಾರು ಇಲ್ಲ ಅಂತ ಅವರಿಗೆ ಗೊತ್ತಿರುತ್ತೆ. ನಿಮ್ಮ ಜನ ಇರುವ ಬೀದಿಯಲ್ಲೂ ಕೇಳಿ. ಅದನ್ನು ಸೋಲು ಅಂತ ಅಂದುಕೊಳ್ಳಬೇಡಿ. ರಾತ್ರಿ ಮಗನಿಗೆ ಉಸಿರು ಕಟ್ಟಿದರೆ ಓಡಿಬರುವ ಪಕ್ಕದ ಮನೆ ಬೇಕು, ಅದು ಯಾವ ಬೀದಿಯಲ್ಲಿದೆಯೋ ಅದೇ ಒಳ್ಳೆಯ ಬೀದಿ.

ಓಡಾಟಕ್ಕೆ ಪೀಣ್ಯ ಅನುಕೂಲ, ಹೆದ್ದಾರಿ ಮೇಲೇ ಇದೆ. ತುಮಕೂರು ರಸ್ತೆಯ ಬಸ್ಸಿನಲ್ಲಿ ಬಂದು 2024ರ ನವೆಂಬರ್‌ನಲ್ಲಿ ಶುರುವಾದ ಮಾದಾವರ ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ, ಗಾಡಿಗಳು ಜಾಸ್ತಿ ನಿಲ್ಲುವ ಆ ಕೊನೆಯ ತುಂಡು ದಾರಿ ತಪ್ಪುತ್ತೆ.

ಜಾತಿ ಹೆಸರಿನಲ್ಲಿ ಯಾರಾದರೂ ಬೈದರೆ, ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಸುಮ್ನೆ ಬಿಡಬೇಡಿ. ನಮ್ಮ ತಾಲ್ಲೂಕಿನ ಕಡೆ ಬರುವ ಮನಸ್ಸಿದ್ದರೆ ಸಂಪಾದಕರಿಗೆ ಬರೆಯಿರಿ. ಮನೆ ಹುಡುಕಲು ಈ ಸಲ ನಾನು ಜೊತೆಗೆ ಬರುತ್ತೇನೆ.

ಪ್ರಶ್ನೆ: ಕೊಳ್ಳುವ ಮೊದಲು ಆರು ತಿಂಗಳು ಬಾಡಿಗೆಗಿದ್ದು ನೋಡೋಣ ಅಂದುಕೊಂಡಿದ್ದೇವೆ. ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?
— ದಂಪತಿ, ಯಲಹಂಕ

ಉತ್ತರ: ಒಳ್ಳೆಯ ಕೆಲಸ ಮಾಡುತ್ತಿದ್ದೀರಿ. ಫೆಬ್ರವರಿ ಕೊನೆಗೆ ಹೋಗಿ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಗೊತ್ತಾಗುತ್ತೆ. ಅದೇ ಹೊತ್ತಿಗೆ ಊರಹಬ್ಬ, ಕೊಂಡ ಬರುತ್ತೆ. ಮೂರು ದಿನ ಮೈಕು ನಿಲ್ಲಲ್ಲ, ವಂತಿಗೆ ಕೇಳಲು ಬರುತ್ತಾರೆ. ಮನಸ್ಸಿಟ್ಟು ಕೊಡಿ, ಹೋಗಿ ಸಾಲಿನಲ್ಲಿ ಕೂತು ಊಟ ಮಾಡಿ. ಮೇ ತಿಂಗಳ ಗಾಳಿಮಳೆಗೆ ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತೆ, ಆಗ ಇಂಟರ್ನೆಟ್ ಇರುತ್ತಾ ಅಂತ ನೋಡಬಹುದು. ಜೂನ್‌ನಲ್ಲಿ ಶಾಲೆ ಶುರುವಾದರೆ ಬಸ್ಸಿನ ನಿಜವಾದ ನೂಕುನುಗ್ಗಲು ಗೊತ್ತಾಗುತ್ತೆ. ಜುಲೈ ಕೆಸರಿನಲ್ಲಿ ಮುಖ್ಯರಸ್ತೆಯಿಂದ ಮನೆವರೆಗೆ ನಡೆದು ನೋಡಿ.

ಬಾಡಿಗೆಗೆ ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಒಂದು ವಾರದ ದಿನ ರಾತ್ರಿ ಎಂಟೂವರೆಗೆ ಆ ಊರಿಗೆ ಹೋಗಿ ಅರಳಿಕಟ್ಟೆ ಹತ್ತಿರ ನಿಲ್ಲಿ. ನೈಟ್ ಹಾಲ್ಟ್ ಬಸ್ಸಿನಿಂದ ಯಾರು ಯಾರು ಇಳಿಯುತ್ತಾರೆ ನೋಡಿ. ಕೈಯಲ್ಲಿ ಟಿಫಿನ್ ಬ್ಯಾಗ್ ಹಿಡಿದವರು ಒಬ್ಬರು ಇದ್ದೇ ಇರುತ್ತಾರೆ. ಅವರ ಜೊತೆ ಅವರ ಮನೆ ತಿರುವಿನವರೆಗೆ ಮಾತಾಡಿಕೊಂಡು ನಡೆದು ಹೋಗಿ.